ಭೋಜ: ದೂಧಗಂಗಾ–ವೇದಗಂಗಾ ಸಂಗಮದ ಊರು ಮತ್ತು ಅದರ ನೆರೆಹಳ್ಳಿಗಳು

ಭೋಜ ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕಿನ ಒಂದು ಕೃಷಿಪ್ರಧಾನ ಹಳ್ಳಿ. ನಿಪ್ಪಾಣಿ ಪಟ್ಟಣದ ಈಶಾನ್ಯಕ್ಕೆ, ಮಹಾರಾಷ್ಟ್ರದ ಗಡಿಗೆ ತೀರ ಹತ್ತಿರದಲ್ಲಿ, ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಬಯಲಿನಲ್ಲಿದೆ. 2018ಕ್ಕೆ ಮುಂಚೆ ಇದು ಚಿಕ್ಕೋಡಿ ತಾಲೂಕಿಗೆ ಸೇರಿತ್ತು. ಸುತ್ತ ಕಾರದಗಾ, ಬಾರವಾಡ, ಕುನ್ನೂರ, ಬೇಡಕಿಹಾಳ, ಗಳತಗಾ, ಸದಲಗಾ, ಬೋರಗಾಂವ ಮುಂತಾದ ಊರುಗಳಿವೆ. ಪ್ರವಾಸಿ ಕೈಪಿಡಿಗಳಲ್ಲಿ ಜಾಗ ಪಡೆಯುವಂಥ ಕೋಟೆಯಾಗಲಿ ಹೊಯ್ಸಳ, ಚಾಲುಕ್ಯ ಶೈಲಿಯ ದೊಡ್ಡ ಗುಡಿಯಾಗಲಿ ಇಲ್ಲಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ದಿಗಂಬರ ಜೈನ ಧರ್ಮದ ಇತಿಹಾಸ ಬರೆಯುವವರು ಈ ಹಳ್ಳಿಯ ಹೆಸರಿನಿಂದಲೇ ಆರಂಭಿಸಬೇಕಾಗುತ್ತದೆ. ಆಚಾರ್ಯ ಶಾಂತಿಸಾಗರರು ಇದೇ ಊರಿನ ಗೌಡರ ಮನೆಯವರು. ಅವರ ನಂತರ ಸುತ್ತಲಿನ ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡ ಸೀಮೆಯ ಹಳ್ಳಿಗಳಿಂದ ಒಬ್ಬರ ಹಿಂದೊಬ್ಬರಂತೆ ಮುನಿಗಳು ಹೊರಟು ಉತ್ತರ ಭಾರತದವರೆಗೂ ಹೆಸರಾದರು. ಒಂದು ಸಣ್ಣ ಸೀಮೆಯ ಒಕ್ಕಲು ಮನೆಗಳಿಂದ ಇಷ್ಟು ಜನ ಯತಿಗಳು ಹೇಗೆ ಹೊರಟರೆಂಬುದು ಭೋಜದ ಚರಿತ್ರೆಯಷ್ಟೇ ಈ ನೆರೆಹಳ್ಳಿಗಳ ಚರಿತ್ರೆಯೂ ಹೌದು.

ನದಿ, ನೆಲ, ಸೇತುವೆ

ವೇದಗಂಗಾ ಕೊಲ್ಹಾಪುರ ಜಿಲ್ಲೆಯ ಪಾಟಗಾಂವ ಕಡೆಯ ಘಟ್ಟದಲ್ಲಿ ಹುಟ್ಟಿ, ಗಾರಗೋಟಿ, ಮುರಗೂಡ ದಾಟಿ ಕರ್ನಾಟಕಕ್ಕೆ ಬರುತ್ತದೆ. ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಸೇತುವೆಯಡಿ ಹಾದು, ಜತ್ರಾಟ, ಅಕ್ಕೋಳ, ಸಿದ್ನಾಳ, ಕುನ್ನೂರಗಳ ಮಗ್ಗುಲಲ್ಲಿ ಹರಿದು ಭೋಜದ ಕಡೆಗೆ ತಿರುಗುತ್ತದೆ. ದೂಧಗಂಗಾ ಕಾಳಮ್ಮವಾಡಿ ಜಲಾಶಯದಿಂದ ಇಳಿದು ಕಾಗಲ ಸೀಮೆಯ ಮೂಲಕ ಬರುತ್ತದೆ. ಸಂಗಮದ ನಂತರ ಒಂದೇ ಹೆಸರಿನಲ್ಲಿ, ದೂಧಗಂಗಾ ಎಂದೇ, ಸದಲಗಾ ದಾಟಿ ಪೂರ್ವಕ್ಕೆ ಹರಿಯುವ ನದಿ ಕಲ್ಲೋಳ–ಯಡೂರು ಪರಿಸರದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹರಿವಿನ ಕೆಲವು ಭಾಗದಲ್ಲಿ ನದಿಯೇ ಎರಡು ರಾಜ್ಯಗಳ ಗಡಿ. ಆಚೆ ದಂಡೆಯ ದತ್ತವಾಡ ಮಹಾರಾಷ್ಟ್ರದ ಶಿರೋಳ ತಾಲೂಕು, ಈಚೆಯ ಮಲಿಕವಾಡ ಕರ್ನಾಟಕದ ಚಿಕ್ಕೋಡಿ ತಾಲೂಕು. ಬೀಗತನ, ಬಜಾರು, ಜಾತ್ರೆಗಳಿಗೆ ಈ ಗಡಿ ಎಂದೂ ಅಡ್ಡ ಬಂದಿಲ್ಲ.

ಘಟ್ಟದ ಮೇಲಿನ ಮಳೆಯೇ ಈ ಊರುಗಳ ಮುಂಗಾರನ್ನು ನಿರ್ಧರಿಸುತ್ತದೆ. ಭೋಜದಲ್ಲಿ ಬಿಸಿಲಿದ್ದರೂ ನದಿ ಉಕ್ಕಬಹುದು. ರಾಧಾನಗರಿ, ಪಾಟಗಾಂವ ಕಡೆ ಎರಡು ದಿನ ಜೋರು ಮಳೆಯಾದರೆ ಸಾಕು, ಕಿರುಸೇತುವೆಗಳು ಒಂದೊಂದಾಗಿ ನೀರಿನಡಿ ಹೋಗುತ್ತವೆ. ಪ್ರತಿ ಜುಲೈ, ಆಗಸ್ಟಿನಲ್ಲಿ ಪತ್ರಿಕೆಗಳ ಜಿಲ್ಲಾ ಪುಟ ಅದೇ ಪಟ್ಟಿಯನ್ನು ಮತ್ತೆ ಅಚ್ಚು ಹಾಕುತ್ತದೆ: ದೂಧಗಂಗೆಯ ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ವೇದಗಂಗೆಯ ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ, ಕೃಷ್ಣೆಯ ಕಲ್ಲೋಳ–ಯಡೂರು. ಈ ಪಟ್ಟಿಯನ್ನು ಇಲ್ಲಿನ ಶಾಲಾ ಮಕ್ಕಳು ಬಾಯಿಪಾಠ ಒಪ್ಪಿಸಬಲ್ಲರು. ಸೇತುವೆ ಮುಳುಗಿದರೆ ಆಚೆ ಊರಿಗೆ ಹೋಗುವವರು ಹತ್ತಾರು ಕಿಲೋಮೀಟರ್ ಸುತ್ತು ಹಾಕಬೇಕು.

ಸೇತುವೆಗಳು ಇಷ್ಟು ತಗ್ಗಿನಲ್ಲಿರುವುದಕ್ಕೂ ಕಾರಣವಿದೆ. ಇವುಗಳಲ್ಲಿ ಹಲವು ಬರೀ ಸೇತುವೆಗಳಲ್ಲ, ನೀರು ತಡೆಯುವ ಬಾಂದಾರಗಳೂ ಹೌದು. ಕೊಲ್ಹಾಪುರ ಸಂಸ್ಥಾನದ ಕಾಲದಲ್ಲಿ ರೂಢಿಗೆ ಬಂದು 'ಕೊಲ್ಹಾಪುರ ಮಾದರಿ' ಎಂದೇ ಹೆಸರಾದ ಈ ಕಟ್ಟಡದಲ್ಲಿ ಕಲ್ಲಿನ ಕಂಬಗಳ ಸಾಲಿರುತ್ತದೆ, ಕಂಬಗಳ ಮೈಯಲ್ಲಿ ಸೀಳುಗಳಿರುತ್ತವೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಆ ಸೀಳುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಟ್ಟು ಹೊಳೆಯನ್ನು ನಿಲ್ಲಿಸುತ್ತಾರೆ. ಮೇ ಕೊನೆಯ ಹೊತ್ತಿಗೆ ಹಲಗೆ ತೆಗೆದು ಪ್ರವಾಹಕ್ಕೆ ದಾರಿ ಬಿಡುತ್ತಾರೆ. ಹೂಳು ತುಂಬದ, ಅಗ್ಗದ, ಜಾಣ ಉಪಾಯ. ನದಿಯ ಇಕ್ಕೆಲದಲ್ಲೂ ಪಂಪ್‌ಸೆಟ್ಟುಗಳು ನಿಂತು ಎರಿ ಹೊಲಗಳೆಲ್ಲ ಕಬ್ಬಿನ ಗದ್ದೆಗಳಾದದ್ದು ಈ ನಿಂತ ನೀರಿನಿಂದ. ಅದೇ ತಗ್ಗು ಕಟ್ಟೆ ಮಳೆಗಾಲದಲ್ಲಿ ರಸ್ತೆಯಾಗಿ ಉಳಿಯುವುದಿಲ್ಲ.

2005, 2019 ಮತ್ತು 2021ರ ಪ್ರವಾಹಗಳು ಪ್ರತಿವರ್ಷದ ಲೆಕ್ಕಕ್ಕೆ ಸೇರುವಂಥವಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಮತ್ತು ಅದರ ಉಪನದಿಗಳು ಒಟ್ಟಿಗೆ ಉಕ್ಕಿ, ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಬಂದಾಯಿತು. ದಂಡೆಯ ಹಳ್ಳಿಗಳ ಜನ ದನಕರುಗಳೊಂದಿಗೆ ಎತ್ತರದ ಊರುಗಳ ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರಗಳಿಗೆ ಹೋದರು. ಮಣ್ಣಿನ ಗೋಡೆಯ ಹಳೆಯ ಮನೆಗಳು ದಿನಗಟ್ಟಲೆ ನೀರಿನಲ್ಲಿ ನೆನೆದು ಕುಸಿದವು. ಈ ಭಾಗದ ಹಳ್ಳಿಗಳಲ್ಲಿ ಪಡಸಾಲೆ, ತೊಲೆ, ಮಾಳಿಗೆಗಳ ಸಾಂಪ್ರದಾಯಿಕ ಮನೆ ಇಂದು ಅಪರೂಪವಾಗಿರುವುದಕ್ಕೆ ಹೊಸತರ ಆಸೆಯಷ್ಟೇ ಈ ನೆರೆಗಳೂ ಕಾರಣ.

ಹಳೆಯ ಕಾಲ

ಹನ್ನೊಂದರಿಂದ ಹದಿಮೂರನೆಯ ಶತಮಾನದ ಆರಂಭದವರೆಗೆ ಈ ಸೀಮೆ ಎರಡು ಸಾಮಂತ ಮನೆತನಗಳ ನಡುವಿನ ನೆಲ. ಪಶ್ಚಿಮಕ್ಕೆ ಕೊಲ್ಹಾಪುರ–ಪನ್ಹಾಳದ ಶಿಲಾಹಾರರು, ಪೂರ್ವ ಮತ್ತು ದಕ್ಷಿಣಕ್ಕೆ ಸವದತ್ತಿಯಿಂದ ಆಳಿ ನಂತರ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ರಾಜಧಾನಿ ಬದಲಿಸಿದ ರಟ್ಟರು. ಇಬ್ಬರೂ ಜೈನ ಧರ್ಮಕ್ಕೆ ಆಶ್ರಯ ಕೊಟ್ಟವರು, ಇಬ್ಬರ ಶಾಸನಗಳಲ್ಲೂ ಕನ್ನಡವಿದೆ. ಕೊಲ್ಹಾಪುರದ ರೂಪನಾರಾಯಣ ಬಸದಿ ಆ ಕಾಲದ ದೊಡ್ಡ ವಿದ್ಯಾಕೇಂದ್ರವಾಗಿತ್ತು.

ಭೋಜದ ನೆರೆಯಲ್ಲಿ ಈ ಕಾಲದ ಮುಖ್ಯ ದಾಖಲೆ ಇರುವುದು ಯಕ್ಸಂಬಾದಲ್ಲಿ. 1165ರ ಅಲ್ಲಿನ ಶಾಸನ ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣನು ನೇಮಿನಾಥ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಆ ಬಸದಿಯ ಗುರುಗಳು ಯಾಪನೀಯ ಸಂಘದ ಪುನ್ನಾಗವೃಕ್ಷಮೂಲ ಗಣದವರು. ಯಾಪನೀಯರು ಜೈನ ಧರ್ಮದಲ್ಲಿ ಈಗ ಅಳಿದುಹೋದ ಪಂಗಡ. ಮುನಿಗಳು ದಿಗಂಬರರಂತೆ ನಗ್ನರಾಗಿಯೇ ಇರುತ್ತಿದ್ದರೂ ಸ್ತ್ರೀಗೂ ಮೋಕ್ಷವುಂಟು ಎಂಬಲ್ಲಿ ಶ್ವೇತಾಂಬರರ ಮಾತನ್ನು ಒಪ್ಪುತ್ತಿದ್ದರು. ಹೆಚ್ಚಾಗಿ ಕರ್ನಾಟಕದಲ್ಲಿಯೇ ಬೇರೂರಿದ್ದ ಈ ಸಂಘ ಹದಿನೈದನೆಯ ಶತಮಾನದ ನಂತರ ಕಾಣಿಸುವುದಿಲ್ಲ. ಅದರ ಬಸದಿಗಳೂ ಮೂರ್ತಿಗಳೂ ದಿಗಂಬರರ ಪೂಜೆಯಲ್ಲಿ ಸೇರಿಕೊಂಡವು. ಯಾಪನೀಯರ ಬಗೆಗಿನ ಚದುರಿದ ಸುಳಿವುಗಳನ್ನು ಕಲೆಹಾಕಿ ಅವರ ಚಿತ್ರವನ್ನು ಮತ್ತೆ ಕಟ್ಟಿದವರಲ್ಲಿ ಪ್ರಮುಖರಾದ ಆ.ನೇ. ಉಪಾಧ್ಯೆಯವರು ಹುಟ್ಟಿದ್ದು ಇದೇ ದಂಡೆಯ ಸದಲಗಾದಲ್ಲಿ.

ಹದಿಮೂರನೆಯ ಶತಮಾನದ ಆರಂಭದಲ್ಲಿ ದೇವಗಿರಿಯ ಯಾದವ ಸಿಂಘಣನು ಶಿಲಾಹಾರ ಎರಡನೆಯ ಭೋಜನನ್ನು ಸೋಲಿಸಿದ. ರಟ್ಟರ ಆಳ್ವಿಕೆಯೂ ಕೆಲವು ದಶಕಗಳಲ್ಲಿ ಮುಗಿಯಿತು. ಮುಂದಿನದು ಬಹಮನಿ, ಬಿಜಾಪುರದ ಆದಿಲಶಾಹಿ, ನಂತರ ಮರಾಠರ ಕಾಲ. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಕೊಲ್ಹಾಪುರದ ಛತ್ರಪತಿಗಳು, ಪೇಶವೆಯ ಸರದಾರರಾದ ಪಟವರ್ಧನರು, ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳಕರ ಇವರ ನಡುವಿನ ಎಳೆದಾಟದ ಜಾಗ. 1817–18ರ ಯುದ್ಧದಲ್ಲಿ ಪೇಶವೆ ಸೋತಾಗ ಬ್ರಿಟಿಷರು ಚಿಕ್ಕೋಡಿ ಮತ್ತು ಮನೋಳಿ ಸೀಮೆಗಳನ್ನು ಕೊಲ್ಹಾಪುರಕ್ಕೆ ಕೊಟ್ಟರು, ಮುಂದಿನ ದಶಕದೊಳಗೇ ವಾಪಸು ಪಡೆದರು. 1836ರಲ್ಲಿ ಧಾರವಾಡದಿಂದ ಬೇರೆಯಾಗಿ ಬೆಳಗಾವಿ ಜಿಲ್ಲೆ ರಚನೆಯಾಯಿತು. ಚಿಕ್ಕೋಡಿ ತಾಲೂಕು ಹೀಗೆ ಮುಂಬಯಿ ಸರಕಾರದ ನೇರ ಆಡಳಿತಕ್ಕೆ ಒಳಪಟ್ಟರೂ ಹತ್ತಿರದ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ, ಉಗಾರ ಸಾಂಗಲಿ ಸಂಸ್ಥಾನದಲ್ಲಿ ಉಳಿದವು. ಕಾನೂನು, ಕಂದಾಯ, ಶಾಲೆ ಎಲ್ಲವೂ ಒಂದು ಹೊಳೆ ದಾಟಿದರೆ ಬೇರೆ. 1948–49ರ ವಿಲೀನ ಮತ್ತು 1956ರ ರಾಜ್ಯ ಪುನರ್ವಿಂಗಡಣೆಯ ನಂತರವೇ ಈ ಹಳ್ಳಿಗಳು ಒಂದೇ ಆಡಳಿತದಡಿ ಬಂದದ್ದು.

ಊರಿನ ಕಟ್ಟು

ಮುಂಬಯಿ ಕರ್ನಾಟಕದ ಇತರ ಹಳ್ಳಿಗಳಂತೆ ಇಲ್ಲೂ ಊರಿನ ಅಧಿಕಾರ ಪಾಟೀಲ ಮತ್ತು ಕುಲಕರ್ಣಿ ಎಂಬ ಎರಡು ವತನಗಳ ಮೇಲೆ ನಿಂತಿತ್ತು. ಪಾಟೀಲನೆಂದರೆ ಗೌಡ: ಕಂದಾಯ ವಸೂಲಿ, ಜಗಳ ತೀರ್ಮಾನ, ಸರಕಾರದ ಮುಂದೆ ಊರಿನ ಪರ ಮಾತು. ಕುಲಕರ್ಣಿ ಲೆಕ್ಕ ಬರೆಯುವವನು. ಕೆಳಗೆ ತಳವಾರ, ವಾಲೀಕಾರ; ಸುಗ್ಗಿಯಲ್ಲಿ ಆಯ ಪಡೆಯುವ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ. 1961ರ ಗ್ರಾಮಾಧಿಕಾರಿಗಳ ರದ್ದತಿ ಕಾಯ್ದೆ ವಂಶಪಾರಂಪರ್ಯ ಗೌಡಕಿಯನ್ನು ತೆಗೆದುಹಾಕಿದರೂ 'ಪಾಟೀಲ' ಅಡ್ಡಹೆಸರಾಗಿ ಉಳಿದಿದೆ. ಈ ಸೀಮೆಯಲ್ಲಿ ಪಾಟೀಲರೆಂದರೆ ಯಾವ ಜಾತಿಯವರೆಂದು ಹೆಸರಿನಿಂದ ಹೇಳಲಾಗದು. ಜೈನ, ಲಿಂಗಾಯತ, ಮರಾಠ, ಮುಸ್ಲಿಂ ಪಾಟೀಲರೂ ಇದ್ದಾರೆ.

ಉತ್ತರ ಭಾರತದ ಓದುಗರಿಗೆ ಜೈನರೆಂದರೆ ವ್ಯಾಪಾರಿಗಳು. ದೂಧಗಂಗೆಯ ದಂಡೆಯಲ್ಲಿ ಆ ಕಲ್ಪನೆ ನಿಲ್ಲುವುದಿಲ್ಲ. ಇಲ್ಲಿನ ಜೈನರಲ್ಲಿ ಬಹುಪಾಲು ಉಳುವವರು. ನೇಗಿಲು ಹಿಡಿದವರು, ಎಮ್ಮೆ ಕಟ್ಟಿದವರು, ಕಬ್ಬು ಕಡಿದವರು. ಮುಖ್ಯ ಪಂಗಡಗಳು ಚತುರ್ಥ ಮತ್ತು ಪಂಚಮ. ಚತುರ್ಥರಿಗೆ ಶಿರೋಳ ತಾಲೂಕಿನ ನಾಂದಣಿಯ ಜಿನಸೇನ ಭಟ್ಟಾರಕರ ಮಠ, ಪಂಚಮರಿಗೆ ಕೊಲ್ಹಾಪುರದ ಲಕ್ಷ್ಮೀಸೇನ ಭಟ್ಟಾರಕರ ಮಠ ಗುರುಪೀಠ. ಬಸದಿಯ ಪೂಜೆ ಉಪಾಧ್ಯೆ ಮನೆತನಗಳದು. ಇಲ್ಲಿನ ಜೈನರ ಮನೆಮಾತು ಕನ್ನಡ, ಕೆಲವೆಡೆ ಮರಾಠಿ, ಬಹಳಷ್ಟು ಮನೆಗಳಲ್ಲಿ ಎರಡೂ. 1899ರಲ್ಲಿ ನಿಪ್ಪಾಣಿಯ ಹತ್ತಿರದ ತವನಿಧಿ ಕ್ಷೇತ್ರದಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಈ ಒಕ್ಕಲು ಜೈನರ ಮಕ್ಕಳಿಗಾಗಿ ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳಲ್ಲಿ ಬೋರ್ಡಿಂಗುಗಳನ್ನು ತೆರೆಯಿತು. ಹಳ್ಳಿಯ ಹುಡುಗರು ಶಿಕ್ಷಕರು, ವಕೀಲರು, ಲೇಖಕರಾದದ್ದು ಈ ಬೋರ್ಡಿಂಗುಗಳ ಊಟದಿಂದ.

ಸಾತಗೌಡ

ಭೋಜದ ಗೌಡ ಭೀಮಗೌಡ ಪಾಟೀಲ ಮತ್ತು ಸತ್ಯವತಿ ದಂಪತಿಗೆ 1872ರಲ್ಲಿ, ತಾಯಿಯ ತವರಾದ ಯಳಗೂಡಿನಲ್ಲಿ, ಮುಂದೆ ಶಾಂತಿಸಾಗರರಾದ ಸಾತಗೌಡ ಹುಟ್ಟಿದರು. ಆದಿಗೌಡ, ದೇವಗೌಡ ಅಣ್ಣಂದಿರು, ಕುಂಭಗೌಡ ತಮ್ಮ, ಕೃಷ್ಣಾಬಾಯಿ ತಂಗಿ. ಒಂಬತ್ತನೆಯ ವರ್ಷಕ್ಕೆ ಮದುವೆ. ಆರು ತಿಂಗಳಲ್ಲಿ ಆ ಹುಡುಗಿ ತೀರಿಕೊಂಡಳು. ಮತ್ತೆ ಮದುವೆಗೆ ಅವರು ಒಪ್ಪಲಿಲ್ಲ. ಸನ್ಯಾಸಕ್ಕೆ ಹೋಗುವೆನೆಂದಾಗ ತಂದೆತಾಯಿ, ತಾವಿರುವವರೆಗೆ ಬೇಡವೆಂದರು. ಆ ಮಾತಿಗೆ ಕಟ್ಟುಬಿದ್ದು ಸುಮಾರು ನಾಲ್ವತ್ತು ವರ್ಷದವರೆಗೆ ಭೋಜದಲ್ಲೇ ಒಕ್ಕಲುತನ ಮಾಡಿಕೊಂಡಿದ್ದರು.

ಆ ವರ್ಷಗಳ ಬಗ್ಗೆ ಜೀವನಚರಿತ್ರೆಗಳು, ಮುಖ್ಯವಾಗಿ ಸುಮೇರಚಂದ್ರ ದಿವಾಕರರ ಹಿಂದಿ ಗ್ರಂಥ 'ಚಾರಿತ್ರ ಚಕ್ರವರ್ತಿ', ಊರಿನ ಹಿರಿಯರ ಬಾಯಿಂದ ಕೇಳಿದ ಪ್ರಸಂಗಗಳನ್ನು ಕೊಡುತ್ತವೆ. ಭಕ್ತಿಯ ಬಣ್ಣವನ್ನು ಕಳೆದು ನೋಡಿದರೂ ಅವುಗಳಲ್ಲಿ ಒಂದು ಹಳ್ಳಿಯ ಬದುಕು ಕಾಣುತ್ತದೆ. ಮನೆಗೊಂದು ಬಟ್ಟೆ ಅಂಗಡಿಯಿತ್ತು. ಕುಂಭಗೌಡ ಇಲ್ಲದ ದಿನ ಸಾತಗೌಡ ಕುಳಿತರೆ, ಗಿರಾಕಿಗೆ ಬೇಕಾದ ಬಟ್ಟೆಯನ್ನು ತಾನೇ ಆರಿಸಿ, ಅಳೆದು, ಹರಿದುಕೊಂಡು, ಉದ್ರಿಯಾದರೆ ವಹಿಯಲ್ಲಿ ತಾನೇ ಬರೆದು ಹೋಗೆನ್ನುತ್ತಿದ್ದರಂತೆ. ಜೋಳದ ಹೊಲದ ಕಾವಲಿಗೆ ನಿಂತರೆ ಹಕ್ಕಿ ಓಡಿಸುತ್ತಿರಲಿಲ್ಲ, ಬದಲಿಗೆ ಅವುಗಳಿಗೆ ನೀರಿಡುತ್ತಿದ್ದರು. ರುದ್ರಪ್ಪ ಎಂಬ ಲಿಂಗಾಯತ ಗೆಳೆಯನೊಂದಿಗೆ ತಾಸುಗಟ್ಟಲೆ ವೇದಾಂತದ ಮಾತಾಗುತ್ತಿತ್ತು. ಪ್ಲೇಗಿನಲ್ಲಿ ಆ ಗೆಳೆಯ ಮಲಗಿದಾಗ ಊರೆಲ್ಲ ದೂರ ಸರಿದರೂ ಸಾತಗೌಡ ಹತ್ತಿರ ಕೂತರು. ಬೋರಗಾಂವದ ಮುನಿ ಆದಿಸಾಗರರು ಬಂದಾಗ ಮೈಯಲ್ಲಿ ಕಸುವಿದ್ದ ಸಾತಗೌಡ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಗಮದ ಹೊಳೆ ದಾಟಿಸುತ್ತಿದ್ದರು. ಸೇತುವೆಯಿಲ್ಲದ ಕಾಲದ ನದಿಯ ಚಿತ್ರವೂ ಈ ಪ್ರಸಂಗದಲ್ಲಿ ಸೇರಿದೆ.

ಆಗಿನ ದಿಗಂಬರ ಮುನಿಗಳ ಸ್ಥಿತಿ ತಿಳಿಯದೆ ಮುಂದಿನ ಘಟನೆಗಳ ತೂಕ ಗೊತ್ತಾಗುವುದಿಲ್ಲ. ಮಧ್ಯಯುಗದಿಂದ ಮಠದಲ್ಲಿ ನೆಲೆನಿಂತ, ಬಟ್ಟೆ ಉಡುವ ಭಟ್ಟಾರಕರು ಸಮಾಜದ ಗುರುಗಳಾಗಿದ್ದರು. ನಗ್ನ ಮುನಿಗಳು ಕರ್ನಾಟಕ–ಮಹಾರಾಷ್ಟ್ರ ಗಡಿಯ ಹಳ್ಳಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಉಳಿದಿದ್ದರು. ಉತ್ತರ ಭಾರತದಲ್ಲಂತೂ ಹೆಸರಿಗೂ ಇರಲಿಲ್ಲ. ಉಳಿದವರೂ ಊರೊಳಗೆ ಬರುವಾಗ ಮೈಮೇಲೆ ಬಟ್ಟೆ ಹಾಕಿಕೊಳ್ಳುವ, ಉಪಾಧ್ಯೆ ಮೊದಲೇ ಗೊತ್ತುಪಡಿಸಿದ ಮನೆಗೆ ಊಟಕ್ಕೆ ಹೋಗುವ ರೂಢಿಗೆ ಒಗ್ಗಿಕೊಂಡಿದ್ದರು. ಗ್ರಂಥದಲ್ಲಿದ್ದ ಮುನಿಧರ್ಮಕ್ಕೂ ಕಣ್ಣೆದುರಿನ ನಡಾವಳಿಗೂ ನಡುವೆ ಈ ಅಂತರವಿತ್ತು.

ತಂದೆತಾಯಿ ತೀರಿದ ಮೇಲೆ ಸಾತಗೌಡ ಉತ್ತೂರಿನಲ್ಲಿ ದೇವೇಂದ್ರಕೀರ್ತಿ ಮುನಿಗಳಿಂದ, ಮುನಿತನಕ್ಕೆ ಮುಂಚಿನ ಹಂತವಾದ ಕ್ಷುಲ್ಲಕ ದೀಕ್ಷೆ ಪಡೆದರು. ಗಿರನಾರಿನಲ್ಲಿ ನೇಮಿನಾಥನ ಸನ್ನಿಧಿಯಲ್ಲಿ ಮುಂದಿನ ಹಂತದ ಐಲಕರಾದರು. 1920ರಲ್ಲಿ ನಿಪ್ಪಾಣಿ ಹತ್ತಿರದ ಯರನಾಳದಲ್ಲಿ ಮುನಿದೀಕ್ಷೆ, ಹೆಸರು ಶಾಂತಿಸಾಗರ. ಗೊತ್ತುಪಡಿಸಿದ ಮನೆಯ ಊಟವನ್ನು ಅವರು ಒಪ್ಪಲಿಲ್ಲ. ಮನಸ್ಸಿನಲ್ಲಿ ಒಂದು ನಿಯಮ ಹಿಡಿದು ಬೀದಿಯಲ್ಲಿ ನಡೆಯುವುದು, ಅದಕ್ಕೆ ಹೊಂದಿದ ಮನೆ ಎದುರಾದರೆ ಅಲ್ಲಿ ನಿಂತು ಬೊಗಸೆಯಲ್ಲಿ ಉಣ್ಣುವುದು, ಇಲ್ಲವಾದರೆ ಉಪವಾಸ ಹಿಂದಿರುಗುವುದು ಎಂಬ ಹಳೆಯ ಆಹಾರಚರ್ಯೆಯನ್ನೇ ಹಿಡಿದರು. ಮೊದಮೊದಲು ಇದರಿಂದ ಎಷ್ಟೋ ದಿನ ಉಪವಾಸ ಬಿದ್ದರೆಂದು ಚರಿತ್ರೆಗಳು ಹೇಳುತ್ತವೆ. ಗೃಹಸ್ಥರಿಗೂ ಆ ಕ್ರಮ ಮರೆತುಹೋಗಿತ್ತು. ನೋಡಲು ಇದು ಊಟದ ಪ್ರಶ್ನೆ. ಆದರೆ ಮುನಿ ಯಾರ ಹಂಗಿನಲ್ಲಿರಬೇಕೆಂಬ ಪ್ರಶ್ನೆಗೆ ಇದೇ ಉತ್ತರವಾಗಿ, ಭಟ್ಟಾರಕ–ಉಪಾಧ್ಯೆ ವ್ಯವಸ್ಥೆಯ ಹಿಡಿತದಿಂದ ಮುನಿಸಂಘ ಬೇರೆಯಾಗಿ ನಿಂತಿತು. 1980ರ ದಶಕದಲ್ಲಿ ಕೊಲ್ಹಾಪುರ ಭಾಗದ ಜೈನರ ನಡುವೆ ಅಧ್ಯಯನ ನಡೆಸಿದ ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಮೈಕಲ್ ಕ್ಯಾರಿದರ್ಸ್ ಕೂಡ ಈ ಮುನಿಪರಂಪರೆಯ ಪುನರುತ್ಥಾನದ ಬಗ್ಗೆ ಬರೆದಿದ್ದಾರೆ.

1924ರಲ್ಲಿ ಸಾಂಗಲಿ ಹತ್ತಿರದ ಸಮಡೋಳಿಯಲ್ಲಿ ಶಾಂತಿಸಾಗರರಿಗೆ ಆಚಾರ್ಯಪದ ದೊರೆಯಿತು. 1927ರಲ್ಲಿ ಕುಂಭೋಜ ಬಾಹುಬಲಿಯಿಂದ ಹೊರಟು ಸಂಘದೊಂದಿಗೆ ಕಾಲ್ನಡಿಗೆಯಲ್ಲಿ ಸಮ್ಮೇದ ಶಿಖರ ತಲುಪಿದರು, ಮುಂದೆ ದೆಹಲಿಯಲ್ಲೂ ಚಾತುರ್ಮಾಸ ಮಾಡಿದರು. ಶತಮಾನಗಳ ನಂತರ ಉತ್ತರದ ಜನ ದಿಗಂಬರ ಮುನಿಸಂಘವನ್ನು ಕಂಡದ್ದು ಹೀಗೆ. ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿದ್ದ, ದಿಗಂಬರರ ಸಿದ್ಧಾಂತ ಗ್ರಂಥಗಳಾದ ಧವಳ, ಜಯಧವಳ, ಮಹಾಧವಳಗಳಿಗೆ ಹುಳು ಹಿಡಿಯುತ್ತಿರುವುದನ್ನು ಕೇಳಿ, ಅವನ್ನು ತಾಮ್ರಪತ್ರಗಳ ಮೇಲೆ ಕೆತ್ತಿಸುವ ಕೆಲಸಕ್ಕೆ 1940ರ ದಶಕದಲ್ಲಿ ಪ್ರೇರಣೆ ಕೊಟ್ಟರು. ಆ ತಾಮ್ರಪತ್ರಗಳು ಫಲಟಣದಲ್ಲಿವೆ. 1955ರ ಆಗಸ್ಟ್ 14ರಂದು ಕುಂಥಲಗಿರಿಯಲ್ಲಿ ಸಲ್ಲೇಖನ, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ವ್ರತ, ಹಿಡಿದು, 36ನೆಯ ದಿನ, ಸೆಪ್ಟೆಂಬರ್ 18ರಂದು ದೇಹ ಬಿಟ್ಟರು. ಅಣ್ಣ ದೇವಗೌಡರೂ ವರ್ಧಮಾನಸಾಗರ ಎಂಬ ಹೆಸರಿನಿಂದ ಮುನಿಯಾದರು.

ಶಾಂತಿಸಾಗರರ ಜೀವನದ ಒಂದು ಅಧ್ಯಾಯವನ್ನು ಭಕ್ತಿಗ್ರಂಥಗಳು ಹೊಗಳಿಕೆಯಲ್ಲೇ ಮುಗಿಸುತ್ತವೆ. 1947ರ ಮುಂಬಯಿ ಹರಿಜನ ದೇವಾಲಯ ಪ್ರವೇಶ ಕಾಯ್ದೆ ಜೈನ ಬಸದಿಗಳಿಗೂ ಅನ್ವಯವಾಗುವುದನ್ನು ವಿರೋಧಿಸಿ ಶಾಂತಿಸಾಗರರು 1948ರ ಆಗಸ್ಟಿನಿಂದ ಅನ್ನಾಹಾರ ತ್ಯಜಿಸಿದರು. ಜೈನರು ಹಿಂದೂಗಳಲ್ಲ, ಆದ್ದರಿಂದ ಕಾಯ್ದೆ ತಮಗೆ ಸಲ್ಲದು ಎಂಬುದು ವಾದ. ಅಕಲೂಜ ಬಸದಿಯ ಪ್ರಕರಣದಲ್ಲಿ 1951ರಲ್ಲಿ ಮುಂಬಯಿ ಹೈಕೋರ್ಟ್ ತೀರ್ಪು ಕೊಟ್ಟ ಬಳಿಕವೇ, 1,105 ದಿನಗಳ ನಂತರ, ಅನ್ನ ಸ್ವೀಕರಿಸಿದರು. ಜೈನರ ಪ್ರತ್ಯೇಕ ಗುರುತಿನ ಹೋರಾಟದಲ್ಲಿ ಇದು ಮೈಲಿಗಲ್ಲು, ನಿಜ. ಆದರೆ ಇದೇ ಭೋಜದ ನೆರೆಯ ನಿಪ್ಪಾಣಿಯಲ್ಲಿ 1925ರ ಏಪ್ರಿಲ್‌ನಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ಪರಿಷತ್ತು ಸೇರಿ, ಡಾ. ಬಿ.ಆರ್. ಅಂಬೇಡ್ಕರ್ ಮಾತನಾಡಿದ್ದರು. ಊರಿನ ಬಾವಿ, ಗುಡಿ, ಶಾಲೆಗಳಿಂದ ದೂರವಿಟ್ಟವರ ಕಡೆಯಿಂದ ನೋಡಿದರೆ ಆ 1,105 ದಿನಗಳ ಅರ್ಥ ಬೇರೆಯೇ ಆಗುತ್ತದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡದೆ ಈ ಸೀಮೆಯ ಚರಿತ್ರೆ ಪೂರ್ತಿಯಾಗದು.

ನೆರೆಹಳ್ಳಿಗಳು

ಭೋಜದಲ್ಲಿ ಹೊತ್ತಿದ್ದು ಸುತ್ತಲಿನ ಊರುಗಳಲ್ಲಿ ಹರಡಿತು. ಚಿಕ್ಕೋಡಿ ತಾಲೂಕಿನ ಕೋಥಳಿಯ ಬಾಲಗೌಡ, ಆಚಾರ್ಯ ದೇಶಭೂಷಣರಾಗಿ ದೆಹಲಿ, ಜೈಪುರಗಳಲ್ಲಿ ಹೆಸರಾದರು. ರತ್ನಾಕರವರ್ಣಿಯ 'ಭರತೇಶ ವೈಭವ', ಶತಕಗಳು ಹಿಂದಿ ಓದುಗರಿಗೆ ತಲುಪಿದ್ದರಲ್ಲಿ ಅವರ ಪಾತ್ರ ದೊಡ್ಡದು. ಕೊನೆಗಾಲಕ್ಕೆ ಹುಟ್ಟೂರಿಗೆ ಮರಳಿ 1987ರಲ್ಲಿ ಕೋಥಳಿಯ ಶಾಂತಿಗಿರಿಯಲ್ಲಿ ಸಮಾಧಿಯಾದರು. ಅವರ ಶಿಷ್ಯ ಆಚಾರ್ಯ ವಿದ್ಯಾನಂದರು (1925–2019) ಈಗ ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳದ ಉಪಾಧ್ಯೆ ಮನೆತನದವರು, ಪೂರ್ವಾಶ್ರಮದ ಹೆಸರು ಸುರೇಂದ್ರ. 1963ರಲ್ಲಿ ದೆಹಲಿಯಲ್ಲಿ ಮುನಿದೀಕ್ಷೆ ಪಡೆದು, 1974ರ ಮಹಾವೀರ ನಿರ್ವಾಣದ 2,500ನೆಯ ವರ್ಷಾಚರಣೆಯಲ್ಲಿ ಜೈನ ಸಮಾಜದ ಮುಖ್ಯ ದನಿಯಾದರು. ಕಾಗವಾಡ ಸೀಮೆಯ ಐನಾಪುರದಿಂದ ಕುಂಥುಸಾಗರರು, ಕುಡಚಿಯಿಂದ ನೇಮಿಸಾಗರರು ಬಂದರು.

ಸದಲಗಾದ ಮಲ್ಲಪ್ಪ ಮತ್ತು ಶ್ರೀಮಂತಿ ದಂಪತಿಯ ಮಗ ವಿದ್ಯಾಧರ 1946ರ ಅಕ್ಟೋಬರ್ 10ರಂದು ಹುಟ್ಟಿ, ಬೇಡಕಿಹಾಳದ ಶಾಲೆಗೆ ಹೋಗಿ, ಹರೆಯದಲ್ಲೇ ಮನೆ ಬಿಟ್ಟು ರಾಜಸ್ಥಾನ ಸೇರಿದ. 1968ರಲ್ಲಿ ಅಜಮೇರಿನಲ್ಲಿ ಜ್ಞಾನಸಾಗರರಿಂದ ದೀಕ್ಷೆ, 1972ರಲ್ಲಿ ಆಚಾರ್ಯಪದ. ಆಚಾರ್ಯ ವಿದ್ಯಾಸಾಗರರ ಸಂಘ ಮಧ್ಯಭಾರತದ ಅತಿ ದೊಡ್ಡ ದಿಗಂಬರ ಸಂಘವಾಯಿತು. ಕನ್ನಡ ಮನೆಮಾತಿನ ಈ ಯತಿ 'ಮೂಕಮಾಟಿ' ಎಂಬ ಮಹಾಕಾವ್ಯ ಬರೆದದ್ದು ಹಿಂದಿಯಲ್ಲಿ. 2024ರ ಫೆಬ್ರುವರಿ 18ರಂದು ಛತ್ತೀಸಗಢದ ಡೊಂಗರಗಢದಲ್ಲಿ ಸಮಾಧಿಯಾದಾಗ ಸದಲಗಾದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಇವರೆಲ್ಲ ಊರು ಬಿಟ್ಟು ಹೋಗಿ ದೊಡ್ಡವರಾದವರು. ಊರನ್ನು ಬರೆದು ಉಳಿಸಿದವರು ಬೇರೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು (1918–1975) ಶಿಕ್ಷಕರಾಗಿದ್ದುಕೊಂಡೇ ಕಾದಂಬರಿಗಳನ್ನು ಬರೆದರು. 'ನಿಸರ್ಗ'ದಲ್ಲಿ ಗಡಿಸೀಮೆಯ ಒಕ್ಕಲು ಕುಟುಂಬಗಳ ಬದುಕು ಅಲ್ಲಿನ ಆಡುಮಾತಿನೊಂದಿಗೆ ಬಂದಿದೆ. ಸದಲಗಾದ ಆ.ನೇ. ಉಪಾಧ್ಯೆ (1906–1975) ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಪ್ರಾಕೃತ ಕಲಿಸುತ್ತ, ಕುಂದಕುಂದರ 'ಪ್ರವಚನಸಾರ'ದಂಥ ಗ್ರಂಥಗಳನ್ನು ಸಂಪಾದಿಸಿ ಲೋಕದ ವಿದ್ವಾಂಸರ ಗಮನ ಸೆಳೆದರು. 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರೂ ಇವರೇ.

ಈ ಸೀಮೆಯ ಪರಂಪರೆ ಜೈನರದಷ್ಟೇ ಅಲ್ಲ. ಕೃಷ್ಣೆಯ ದಂಡೆಯ ಯಡೂರಿನ ವೀರಭದ್ರ ಲಿಂಗಾಯತರಿಗೆ ಮನೆದೇವರು. ನಿಪ್ಪಾಣಿ ಹತ್ತಿರದ ಅಪ್ಪಾಚಿವಾಡಿ–ಕುರ್ಲಿಯ ಹಾಲಸಿದ್ಧನಾಥನ ಜಾತ್ರೆಯಲ್ಲಿ ಕುರುಬರ ಡೊಳ್ಳಿನ ನಡುವೆ 'ಭಾಕಣೂಕ' ನಡೆಯುತ್ತದೆ. ಮಳೆ, ಬೆಳೆ, ರಾಜಕಾರಣಗಳ ಭವಿಷ್ಯ ನುಡಿಯುವ ಆ ಮಾತನ್ನು ಎರಡೂ ರಾಜ್ಯಗಳ ಪತ್ರಿಕೆಗಳು ವರದಿ ಮಾಡುತ್ತವೆ. ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆ ಮಾಘ ಮಾಸದ ಭಾರತ ಹುಣ್ಣಿಮೆಗೆ. ಸಾಂಗಲಿ, ಸಾತಾರ, ಸೊಲ್ಲಾಪುರ ಕಡೆಯಿಂದ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುವ ಜನ 'ಚಾಂಗಭಲೊ' ಎಂದು ಕೂಗುತ್ತ ಭಂಡಾರ ತೂರುತ್ತಾರೆ. ಆ ವಾರ ಚಿಂಚಲಿಯಲ್ಲಿ ಕನ್ನಡಕ್ಕಿಂತ ಮರಾಠಿ ಹೆಚ್ಚು ಕೇಳಿಸುತ್ತದೆ.

ಹೊಗೆಸೊಪ್ಪಿನಿಂದ ಕಬ್ಬಿಗೆ

ಮಿರಜ–ಲೋಂಡಾ ರೈಲುಮಾರ್ಗ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗಗಳ ಮೂಲಕ ಹೋದರೂ ಭೋಜದ ಕಡೆ ರೈಲು ಬರಲಿಲ್ಲ. ಈ ಊರಿನ ಪೇಟೆ ನಿಪ್ಪಾಣಿ; ನಿಪ್ಪಾಣಿಯ ಬದುಕು ಬೀಡಿ ತಂಬಾಕು. ಮಳೆಗಾಲದಲ್ಲಿ ಸಸಿ ನಾಟಿ, ಕುಡಿ ಚಿವುಟಿ, ಕಂಕುಳಲ್ಲಿ ಬರುವ ಚಿಗುರನ್ನು ವಾರವಾರವೂ ತೆಗೆಯುತ್ತ ಹೋದರೆ ಎಲೆ ದಪ್ಪವಾಗುತ್ತದೆ. ಮಾಗಿದ ಎಲೆಯ ಮೈಮೇಲೆ ತುಕ್ಕುಬಣ್ಣದ ಚುಕ್ಕೆ ಬಿದ್ದರೆ ಕೊಯ್ಲಿಗೆ ಬಂತೆಂದು ಲೆಕ್ಕ. ಚುಕ್ಕೆ ಹೆಚ್ಚಿದಷ್ಟು ದರ ಹೆಚ್ಚು. ಕೊಯ್ದ ಗಿಡ ಹೊಲದಲ್ಲೇ ಬಿಸಿಲಿಗೆ ಒಣಗಿ, ಇಬ್ಬನಿಗೆ ಮೆತ್ತಗಾಗಿ, ಮತ್ತೆ ಒಣಗಬೇಕು. ಅಲ್ಲಿಂದ ನಿಪ್ಪಾಣಿಯ ವಖಾರಿಗಳಿಗೆ. ವಖಾರಿಯೊಳಗೆ ಕುಟ್ಟುವ, ಜರಡಿ ಹಿಡಿಯುವ ಕೆಲಸ ಹೆಂಗಸರದು; ಘಾಟಿನ ಧೂಳು ಕಣ್ಣು, ಗಂಟಲು ತುಂಬುತ್ತಿತ್ತು. 1970ರ ದಶಕದ ಕೊನೆಯಲ್ಲಿ ಈ ಹೆಂಗಸರು ಚಿಕ್ಕೋಡಿ ತಾಲೂಕು ಕಾಮಗಾರ ಮಹಾಸಂಘದಡಿ ಒಂದಾಗಿ ಕೂಲಿ ಹೆಚ್ಚಿಸಿಕೊಂಡರು. ಅವರ ಹೋರಾಟದ ಮೇಲೆ ಯುಗಾಂತರ ಎಂಬ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರ ತೆಗೆಯಿತು. ಬೆಳೆಗಾರರ ಸರದಿ 1981ರ ಮಾರ್ಚ್‌–ಏಪ್ರಿಲ್‌ನಲ್ಲಿ ಬಂತು. ರೈತ ನಾಯಕ ಶರದ್ ಜೋಶಿಯವರ ನೇತೃತ್ವದಲ್ಲಿ ಸಾವಿರಾರು ರೈತರು ನ್ಯಾಯದ ದರಕ್ಕಾಗಿ ನಿಪ್ಪಾಣಿಯಲ್ಲಿ ಹೆದ್ದಾರಿ ತಡೆದು ಕೂತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಸತ್ತರು.

ತಂಬಾಕು ಇನ್ನೂ ಇದೆ, ಆದರೆ ನದಿಯ ನೀರು ಸಿಕ್ಕ ಕಡೆಯೆಲ್ಲ ಕಬ್ಬು ಬಂದಿದೆ. 1939ರಲ್ಲಿ ಆರಂಭವಾದ ಉಗಾರ ಸಕ್ಕರೆ ಕಾರ್ಖಾನೆ ದಾರಿ ತೋರಿತು. ನಂತರ ಚಿಕ್ಕೋಡಿಯ ದೂಧಗಂಗಾ–ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳು ಬಂದವು. ಸಹಕಾರಿ ಸಂಘ, ಹಾಲಿನ ಡೇರಿ, ಕಾರ್ಖಾನೆಯ ನಿರ್ದೇಶಕ ಮಂಡಳಿಗಳೇ ಇಂದು ಹಳೆಯ ಗೌಡಕಿಯ ಜಾಗದಲ್ಲಿವೆ ಎಂದರೆ ತಪ್ಪಾಗದು. ನೆರೆಗೆ ಕಬ್ಬು ತಂಬಾಕಿಗಿಂತ ಗಟ್ಟಿ; ಆದರೆ ಸುಳಿ ಮುಳುಗಿ ವಾರ ಕಳೆದರೆ ಅದೂ ಕೊಳೆಯುತ್ತದೆ.

ಗಡಿ ಮತ್ತು ಆಡಳಿತ

1956ರಲ್ಲಿ ಚಿಕ್ಕೋಡಿ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಮಹಾರಾಷ್ಟ್ರ ಒಪ್ಪಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ನಿಪ್ಪಾಣಿಯೂ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ, ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ಕಡೆಯ 247 ಊರುಗಳನ್ನು ಕರ್ನಾಟಕಕ್ಕೆ ಕೊಡಲು ಶಿಫಾರಸು ಮಾಡಿತು. ವರದಿ ಜಾರಿಯಾಗಲಿಲ್ಲ, ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆ. ಹಳ್ಳಿಗಳಲ್ಲಿ ಕನ್ನಡ, ಮರಾಠಿ ಶಾಲೆಗಳು ಅಕ್ಕಪಕ್ಕದಲ್ಲೇ ನಡೆಯುತ್ತವೆ. ಅಂಗಡಿಯಲ್ಲಿ ಒಂದೇ ವಾಕ್ಯ ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯುವುದುಂಟು.

ಬೆಳಗಾವಿ ದೊಡ್ಡ ಜಿಲ್ಲೆಯಾದ್ದರಿಂದ ಚಿಕ್ಕೋಡಿಯನ್ನು ಬೇರೆ ಜಿಲ್ಲೆ ಮಾಡಬೇಕೆಂಬ ಬೇಡಿಕೆ ಹಳೆಯದು. 1997ರಲ್ಲಿ ಹೊಸ ಜಿಲ್ಲೆಗಳ ರಚನೆಯ ಹೊತ್ತಿಗೆ ಅದರ ಹೆಸರು ಬಂದು, ಬಿಟ್ಟುಹೋಯಿತು. 2018ರಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲೂಕುಗಳಾದವು, ಅದರೊಂದಿಗೆ ಭೋಜದ ಕಂದಾಯ ದಾಖಲೆಗಳು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋದವು. ದಾಖಲೆ ಎಲ್ಲಿಗೆ ಹೋದರೂ ಊರಿನ ಹೆಸರು ಶಾಂತಿಸಾಗರರೊಂದಿಗೇ ಇದೆ: 2024–25ರಲ್ಲಿ ಅವರ ಆಚಾರ್ಯಪದದ ಶತಮಾನೋತ್ಸವವನ್ನು ದೇಶದ ದಿಗಂಬರ ಸಮಾಜ ಆಚರಿಸಿತು.